ಕರಿಯ ತೆರೆಯೂ ಸುಟ್ಟ ಕಾಗದಗಳೂ

ಆನ್ ರ‍್ಯಾಡ್‌ಕ್ಲಿಫ್ ಎಂಬ ಹೆಸರು ಇಂದಿನ ಬಹುಮಂದಿ ಓದುಗರಿಗೆ ತಿಳಿದಿರುವುದು ಆಕೆಯ ಪುಸ್ತಕಗಳಿಂದಲ್ಲ, ಜೇನ್ ಆಸ್ಟಿನ್ನಳ ನಗೆಯಿಂದ. ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯ ಕ್ಯಾಥರೀನ್ ಮೋರ್ಲಂಡ್ ಎಂಬ ಹುಡುಗಿ ಬಾತ್ ಪಟ್ಟಣದಲ್ಲಿ ‘ಉಡಾಲ್ಫೋದ ರಹಸ್ಯಗಳು’ ಎಂಬ ಗ್ರಂಥವನ್ನು ಓದಿ ತಲೆ ತುಂಬಿಸಿಕೊಂಡಿರುತ್ತಾಳೆ. ಮುಂದೆ ತಾನು ಅತಿಥಿಯಾಗಿ ಹೋದ ಮನೆಯಲ್ಲಿ, ಬಿರುಗಾಳಿ ಬೀಸುವ ರಾತ್ರಿ, ಹಳೆಯ ಬೀರುವೊಂದನ್ನು ನಡುಗುವ ಕೈಯಿಂದ ತೆರೆಯುತ್ತಾಳೆ. ಒಳಗೆ ಕಾಗದದ ಸುರುಳಿ ಸಿಗುತ್ತದೆ. ಅಷ್ಟರಲ್ಲಿ ದೀಪ ಆರಿಹೋಗುತ್ತದೆ. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಹೊರಳಾಡಿ ಬೆಳಗ್ಗೆ ನೋಡಿದರೆ ಅದು ಅಗಸರ ಲೆಕ್ಕದ ಚೀಟಿ! ಈ ಒಂದು ಚೀಟಿ ರ‍್ಯಾಡ್‌ಕ್ಲಿಫ್‌ಳ ಕೀರ್ತಿಗೆ ಮಾಡಿದಷ್ಟು ಹಾನಿಯನ್ನು ಯಾವ ವಿಮರ್ಶಕನೂ ಮಾಡಿದಂತಿಲ್ಲ.

ನಾನು ಆಕೆಯನ್ನು ಮೊದಲು ಓದಿದ್ದೂ ಈ ದಾರಿಯಿಂದಲೇ. ವಿದ್ಯಾರ್ಥಿಯಾಗಿದ್ದಾಗ ಆಸ್ಟಿನ್ನಳನ್ನು ಓದಿ ನಕ್ಕು, ಆ ನಗುವಿಗೆ ಕಾರಣವಾದ ಮೂಲ ಹೇಗಿದೆಯೋ ನೋಡೋಣವೆಂದು ಉಡಾಲ್ಫೋವನ್ನು ಲೈಬ್ರರಿಯಿಂದ ತಂದೆ. ಕರಿಯ ತೆರೆಯ ಹಿಂದೆ ಏನಿದೆಯೆಂದು ತಿಳಿಯುವ ಒಂದೇ ಆತುರದಿಂದ ಪುಟ ಮಗುಚಿದೆ. ಸೂರ್ಯಾಸ್ತಗಳನ್ನೂ ಪದ್ಯಗಳನ್ನೂ ಹಾರಿಸಿದೆ. ಕೊನೆಗೆ ಅಲ್ಲಿದ್ದುದೇನೆಂದು ಗೊತ್ತಾದಾಗ ಮೋಸಹೋದೆನೆಂದು ಸಿಟ್ಟಾಗಿ ಪುಸ್ತಕವನ್ನು ಹಿಂದಿರುಗಿಸಿದೆ. ಬಹಳ ವರ್ಷಗಳಾದ ಮೇಲೆ ಈಚೆಗೆ ಅದನ್ನೇ ಮತ್ತೆ ಓದಿದೆ. ಈ ಸಲ ತೆರೆಯ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಂತದ್ದು ಬೇರೊಂದು ಕಡೆ. ಮೊದಲ ಓದಿನಲ್ಲಿ ಅಲ್ಲಿಗೆ ನನ್ನ ಕಣ್ಣೇ ಹೋಗಿರಲಿಲ್ಲ. ಓದುಗರನ್ನೂ ಅಲ್ಲಿಯವರೆಗೆ ಕರೆದುಕೊಂಡು ಹೋಗಬೇಕೆಂದು ಈ ನಾಲ್ಕು ಮಾತು.

ಆಕೆ ಹುಟ್ಟಿದ್ದು 1764ರ ಜುಲೈ ತಿಂಗಳಲ್ಲಿ, ಲಂಡನ್ನಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಹೊರೇಸ್ ವಾಲ್ಪೋಲನ ‘ಓಟ್ರಾಂಟೋ ಕೋಟೆ’ ಹೊರಬಿದ್ದಿತು. ಗಾಥಿಕ್ ಕಾದಂಬರಿಯ ವಂಶಾವಳಿಯನ್ನು ಪಂಡಿತರು ಅಲ್ಲಿಂದ ಎಣಿಸುತ್ತಾರೆ. ವಾಲ್ಪೋಲನ ಕಥೆಯಲ್ಲಿ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ಮದುಮಗ ಮದುವೆಯ ದಿನವೇ ಜಜ್ಜಿಹೋಗುತ್ತಾನೆ. ರ‍್ಯಾಡ್‌ಕ್ಲಿಫ್ ಅಂಥ ಹುಡುಗಾಟಕ್ಕೆ ಕೈಹಾಕಿದವಳಲ್ಲ. ಆಕೆಯ ತಂದೆ ವ್ಯಾಪಾರಸ್ಥ. ಮುಂದೆ ಬಾತ್ ಪಟ್ಟಣದಲ್ಲಿ ವೆಜ್‌ವುಡ್ಡನ ಪಿಂಗಾಣಿ ಸಾಮಾನಿನ ಅಂಗಡಿಯನ್ನು ನೋಡಿಕೊಂಡವನು. 1787ರಲ್ಲಿ ಆಕೆ ಕೈಹಿಡಿದ ವಿಲಿಯಂ ರ‍್ಯಾಡ್‌ಕ್ಲಿಫ್ ಪತ್ರಿಕೆಯ ಕೆಲಸಕ್ಕೆ ಸೇರಿದವನು. ಮನೆಗೆ ಬರುತ್ತಿದ್ದುದು ರಾತ್ರಿ ಬಹಳ ಹೊತ್ತಾದ ಮೇಲೆ. (ಪತ್ರಿಕಾ ಕಚೇರಿಯವರ ಮನೆಯ ಹೆಂಗಸರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.) ದಂಪತಿಗಳಿಗೆ ಮಕ್ಕಳಿರಲಿಲ್ಲ. ಆ ಉದ್ದನೆಯ ಸಂಜೆಗಳನ್ನು ಕಳೆಯಲು ಆಕೆ ಬರೆಯತೊಡಗಿದಳು. ಗಂಡ ಬಂದಾಗ ಅಂದು ಬರೆದ ಅಧ್ಯಾಯವನ್ನು ನಗುನಗುತ್ತ ಅವನ ಕೈಗೆ ಕೊಡುತ್ತಿದ್ದಳಂತೆ. ಅವನಿಗೋ ಒಬ್ಬನೇ ಕುಳಿತು ಅದನ್ನು ಓದಿದರೆ ಮೈ ನಡುಗುತ್ತಿತ್ತಂತೆ. ಆಕೆ ತೀರಿಕೊಂಡ ಮೇಲೆ 1826ರಲ್ಲಿ ಟಾಲ್‌ಫರ್ಡ್ ಬರೆದ ಚರಿತ್ರೆಯಲ್ಲಿ ಬರುವ ಸಂಗತಿ ಇದು. ಬರೆದವಳ ಮುಖದಲ್ಲಿ ನಗೆ, ಓದಿದವನಲ್ಲಿ ನಡುಕ: ಆಕೆಯ ಕಲೆಯಲ್ಲಿ ಎಷ್ಟು ಸ್ವಸ್ಥಚಿತ್ತವಿತ್ತೆಂಬುದಕ್ಕೆ ಇದೇ ಸಾಕ್ಷಿ.

1789ರಿಂದ 1797ರವರೆಗಿನ ಎಂಟು ವರ್ಷಗಳಲ್ಲಿ ಐದು ಕಾದಂಬರಿಗಳು ಬಂದವು. ಮೊದಲ ಎರಡನ್ನು ನಾನು ಇಲ್ಲಿ ಬಿಟ್ಟುಬಿಡುತ್ತೇನೆ. ಪರೀಕ್ಷೆಗೆ ಓದುವವರ ಹೊರತು ಬೇರೆಯವರು ಅವುಗಳ ಗೊಡವೆಗೆ ಹೋಗಬೇಕಾದ್ದಿಲ್ಲ. ಮೂರನೆಯದಾದ ‘ಅರಣ್ಯದ ರೊಮಾನ್ಸ್’ (1791) ಹೆಸರು ತಂದಿತು. ನಾಲ್ಕನೆಯದಾದ ಉಡಾಲ್ಫೋಗೆ 1794ರಲ್ಲಿ ಪ್ರಕಾಶಕರು ಐನೂರು ಪೌಂಡು ಕೊಟ್ಟರು, ಐದನೆಯದಾದ ‘ದಿ ಇಟಾಲಿಯನ್’ಗೆ ಎಂಟುನೂರು. ಕಾದಂಬರಿಗೆ ಹತ್ತಿಪ್ಪತ್ತು ಪೌಂಡು ಸಿಕ್ಕರೆ ಲೇಖಕರು ತೃಪ್ತರಾಗುತ್ತಿದ್ದ ಕಾಲ ಅದು.

ಉಡಾಲ್ಫೋದ ಕಥೆಯನ್ನು ಚುಟುಕಾಗಿ ಹೇಳಬೇಕು. ಕಾಲ 1584. ಫ್ರಾನ್ಸಿನ ಗ್ಯಾಸ್ಕನಿಯಲ್ಲಿ, ಗಾರೋನ್ ನದಿಯ ದಂಡೆಯ ಮೇಲಿನ ಮನೆಯಲ್ಲಿ, ಸೇಂಟ್ ಓಬೆರ್ ಎಂಬ ಸಜ್ಜನನ ಒಬ್ಬಳೇ ಮಗಳು ಎಮಿಲಿ. ತಾಯಿ ಸಾಯುತ್ತಾಳೆ. ಹಣವೂ ಕೈಬಿಟ್ಟು, ದೇಹವೂ ಸೋತ ತಂದೆ, ಮಗಳೊಡನೆ ಪ್ರವಾಸ ಹೊರಟವನು ದಾರಿಯಲ್ಲಿ ಒಬ್ಬ ರೈತನ ಗುಡಿಸಲಿನಲ್ಲಿ ಪ್ರಾಣ ಬಿಡುತ್ತಾನೆ. ಅನಾಥೆಯಾದ ಎಮಿಲಿ ಸೋದರತ್ತೆಯ ಕೈಗೆ ಬೀಳುತ್ತಾಳೆ. ಸಿರಿವಂತೆಯೂ ಜಂಭಗಾತಿಯೂ ಆದ ಆ ವಿಧವೆ ಮೊಂಟೋನಿ ಎಂಬ ಇಟಲಿಯ ಗೃಹಸ್ಥನನ್ನು ಮದುವೆಯಾಗುತ್ತಾಳೆ. ಎಮಿಲಿಯ ಪ್ರಿಯಕರ ವಾಲಾಂಕೂರ್ ಹಿಂದೆಯೇ ಉಳಿಯುತ್ತಾನೆ. ವೆನಿಸ್ಸಿನ ಮೂಲಕ ಎಲ್ಲರೂ ಅಪನೈನ್ ಪರ್ವತಗಳಲ್ಲಿರುವ ಉಡಾಲ್ಫೋ ಕೋಟೆಗೆ ಬರುತ್ತಾರೆ. ಅಲ್ಲಿ ಒಂದು ಕೋಣೆ. ಕೋಣೆಯಲ್ಲಿ ಕರಿಯ ರೇಷ್ಮೆಯ ತೆರೆ ಮುಚ್ಚಿದ ಏನೋ ಒಂದು. ಎಮಿಲಿ ತೆರೆಯನ್ನೆತ್ತುತ್ತಾಳೆ, ನೋಡುತ್ತಾಳೆ, ಮೂರ್ಛೆಹೋಗುತ್ತಾಳೆ. ಅವಳು ನೋಡಿದ್ದೇನು? ಲೇಖಕಿ ಹೇಳುವುದಿಲ್ಲ. ನೂರಾರು ಪುಟ ಸರಿದುಹೋಗುತ್ತವೆ; ಅತ್ತೆ ಸಾಯುತ್ತಾಳೆ; ಎಮಿಲಿ ತಪ್ಪಿಸಿಕೊಂಡು ಫ್ರಾನ್ಸಿಗೆ ಮರಳುತ್ತಾಳೆ. ಗ್ರಂಥ ಇನ್ನೇನು ಮುಗಿಯಿತು ಎನ್ನುವಾಗ, ನೆನಪು ಬಂದವಳಂತೆ, ಲೇಖಕಿ ಅದನ್ನು ಬಿಡಿಸಿ ಹೇಳುತ್ತಾಳೆ. ತೆರೆಯ ಹಿಂದೆ ಇದ್ದುದು ಕೊಳೆಯುತ್ತಿರುವ ಹೆಣದ ರೂಪದಲ್ಲಿ ಮಾಡಿದ ಮೇಣದ ಬೊಂಬೆ. ಹಿಂದಿನ ಕಾಲದ ಒಬ್ಬ ಮಾರ್ಕ್ವಿಸನಿಗೆ ಚರ್ಚು ಪ್ರಾಯಶ್ಚಿತ್ತವಾಗಿ ಇದನ್ನು ದಿನವೂ ನೋಡುತ್ತಿರಬೇಕೆಂದು ವಿಧಿಸಿತ್ತು. ಎಮಿಲಿ ಇನ್ನೊಂದು ಸಲ ದಿಟ್ಟಿಸಿ ನೋಡಿದ್ದರೆ ಅವಳಿಗೇ ತಿಳಿಯುತ್ತಿತ್ತು!

ಇದು ನ್ಯಾಯವೇ? ಸರ್ ವಾಲ್ಟರ್ ಸ್ಕಾಟ್ ಆಕೆಯನ್ನು ಬಹುವಾಗಿ ಮೆಚ್ಚಿಕೊಂಡವನಾದರೂ, ಭೂತವನ್ನು ಕರೆತಂದು ಕೊನೆಗೆ ಅದಕ್ಕೊಂದು ಸಾಧಾರಣ ಕಾರಣ ಕೊಡುವ ಈ ಅಭ್ಯಾಸವನ್ನು ಒಪ್ಪಲಿಲ್ಲ. ನಾನೂ ಒಪ್ಪಲಾರೆ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ವ್ಯಂಗ್ಯವಾಗಿದ್ದು ಶೋಭಿಸುತ್ತಿದ್ದುದನ್ನು ಆಕೆ ತಾನಾಗಿಯೇ ವಾಚ್ಯಕ್ಕೆ ಇಳಿಸಿ ಕೆಡಿಸುತ್ತಾಳೆ. ಬೇರೆ ರಹಸ್ಯಗಳ ಗತಿಯೂ ಹೀಗೆಯೇ. ರಾತ್ರಿಯಲ್ಲಿ ಕೇಳಿದ ಗಾನ, ಮಂಚದ ಮೇಲೆ ಅಲುಗಿದ ಹೊದಿಕೆ, ಒಂದೊಂದಕ್ಕೂ ಕಡೆಯಲ್ಲಿ ಜಮಾಖರ್ಚಿನ ಲೆಕ್ಕ ಒಪ್ಪಿಸಲಾಗುತ್ತದೆ. ದೋಷಗಳು ಇನ್ನೂ ಇವೆ. ಸೂರ್ಯ ಮುಳುಗದೆ ಒಂದು ಅಧ್ಯಾಯ ಮುಗಿಯುವುದು ಅಪರೂಪ. ಎಮಿಲಿ ಕಣ್ಣೀರು ಸುರಿಸಿದ್ದನ್ನು ನಾನು ಎಣಿಸಲು ಹೋಗಿ ಕೈಬಿಟ್ಟೆ. ಅವಳು ಸಮಯ ಸಿಕ್ಕಿದಾಗಲೆಲ್ಲ ಪದ್ಯ ಬರೆಯುತ್ತಾಳೆ. ಪದ್ಯಗಳು ಹಾರಿಸುವುದಕ್ಕೆ ಯೋಗ್ಯವಾಗಿವೆ. ಇಟಲಿಯ ವರ್ಣನೆಗಳನ್ನು ಓದಿ ಅಂದಿನವರು ತಲೆದೂಗಿದರು. ಆದರೆ ಲೇಖಕಿ ಇಟಲಿಯನ್ನು ಕಂಡವಳೇ ಅಲ್ಲ. ಕ್ಲೋಡ್, ಸಾಲ್ವಟೋರ್ ರೋಸಾ ಮೊದಲಾದವರ ಚಿತ್ರಗಳಿಂದಲೂ ಪ್ರವಾಸಿಗರ ಪುಸ್ತಕಗಳಿಂದಲೂ ಕಡ ತಂದ ಬೆಟ್ಟಗಳು ಅವು. ಉಡಾಲ್ಫೋ ಅಚ್ಚಾದ ಮೇಲೆ, 1794ರ ಬೇಸಗೆಯಲ್ಲಿ, ಗಂಡಹೆಂಡಿರು ಹಾಲೆಂಡಿಗೂ ಜರ್ಮನಿಗೂ ಹೊರಟರು. ಸ್ವಿಟ್ಜರ್ಲೆಂಡಿನ ಗಡಿಯ ಸಮೀಪದವರೆಗೆ ಹೋದವರನ್ನು ಪಾಸ್‌ಪೋರ್ಟಿನ ತಕರಾರಿನಿಂದ ಅಧಿಕಾರಿಗಳು ಹಿಂದಕ್ಕೆ ಕಳಿಸಿದರು. ತಾನು ಅಷ್ಟು ಪುಟ ವರ್ಣಿಸಿದ್ದ ಆಲ್ಪ್ಸ್ ಪರ್ವತದ ಬಾಗಿಲಿನಿಂದಲೇ ಆಕೆ ಮರಳಬೇಕಾಯಿತು.

ಇಷ್ಟು ಹೇಳಿದ ಮೇಲೂ ಈ ಗ್ರಂಥವನ್ನು ನಾನು ಏಕೆ ಮೆಚ್ಚುತ್ತೇನೆಂಬುದಕ್ಕೆ ಈಗ ಬರುತ್ತೇನೆ.

ಪ್ರವಾಸ ಹೊರಡುವ ಹಿಂದಿನ ರಾತ್ರಿ ಎಮಿಲಿಗೆ ನಿದ್ರೆ ಬರುವುದಿಲ್ಲ. ತಂದೆಯ ಕೋಣೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಬೆಳಕು ಕಾಣುತ್ತದೆ. ಅವನ ಆರೋಗ್ಯಕ್ಕೆ ಏನಾಯಿತೋ ಎಂದು ಹೆದರಿ ಬಾಗಿಲ ಗಾಜಿನಲ್ಲಿ ಇಣುಕುತ್ತಾಳೆ. ತಂದೆ ಕೆಲವು ಕಾಗದಗಳನ್ನು ಮುಂದಿಟ್ಟುಕೊಂಡು ಓದುತ್ತ ಬಿಕ್ಕುತ್ತಿದ್ದಾನೆ. ಆಮೇಲೆ ಅವುಗಳ ನಡುವಿನಿಂದ ಒಂದು ಚಿಕ್ಕ ಚಿತ್ರವನ್ನು ತೆಗೆದು ಬಹಳ ಹೊತ್ತು ನೋಡಿ, ತುಟಿಗೆ ಒತ್ತಿಕೊಂಡು, ನಿಟ್ಟುಸಿರಿಡುತ್ತಾನೆ. ಅದು ಹೆಂಗಸಿನ ಚಿತ್ರ, ಅವಳ ತಾಯಿಯದಲ್ಲ. ತಾಯಿ ಸತ್ತು ಹೆಚ್ಚು ದಿನವಾಗಿಲ್ಲ. ಎಮಿಲಿ ಸದ್ದಿಲ್ಲದೆ ಹಿಂದಿರುಗುತ್ತಾಳೆ.

ಸಾಯುವಾಗ ತಂದೆ ಅವಳಿಂದ ಒಂದು ಮಾತು ತೆಗೆದುಕೊಳ್ಳುತ್ತಾನೆ: ಆ ಕೋಣೆಯ ನೆಲದ ಹಲಗೆಯ ಕೆಳಗೆ ಕಾಗದಗಳಿವೆ, ಅವುಗಳನ್ನು ಓದದೆ ಸುಡಬೇಕು. ಮಗಳು ಒಬ್ಬಳೇ ಮನೆಗೆ ಬಂದು, ರಾತ್ರಿಯಲ್ಲಿ ಆ ಹಲಗೆಯನ್ನು ಸರಿಸಿ, ಕಾಗದಗಳನ್ನು ಹೊರತೆಗೆಯುತ್ತಾಳೆ. ಅವಳು ಬಯಸದಿದ್ದರೂ ಬಿಡಿ ಹಾಳೆಯೊಂದರ ಕೆಲವು ಮಾತುಗಳ ಮೇಲೆ ಕಣ್ಣು ಬೀಳುತ್ತದೆ. ಆ ಮಾತುಗಳು ಎಷ್ಟು ಘೋರವಾಗಿದ್ದವೆಂದರೆ, ಮತ್ತೆ ಮತ್ತೆ ನೆನಪಿಗೆ ಬಂದು ಅವಳನ್ನು ಕಾಡುತ್ತವೆ. ಕೊಟ್ಟ ಮಾತನ್ನು ಮುರಿದು ಎಲ್ಲವನ್ನೂ ಓದಿಬಿಡಲೇ ಎಂಬ ಯೋಚನೆ ಒಂದು ಗಳಿಗೆ ಸುಳಿದುಹೋಗುತ್ತದೆ. ಕೊನೆಗೆ ಬೆಂಕಿಗೆ ಹಾಕುತ್ತಾಳೆ. ಅವು ಉರಿದು ಮುಗಿಯುವುದನ್ನು ನೋಡುತ್ತ ನಿಲ್ಲುತ್ತಾಳೆ.

ಅವಳು ಓದಿದ ಆ ಮಾತುಗಳು ಯಾವುವು? ಮೇಣದ ಬೊಂಬೆಯ ವಿಷಯವನ್ನು ಒಪ್ಪಿಸಿದ ಲೇಖಕಿ ಇದನ್ನು ಮಾತ್ರ ಒಪ್ಪಿಸುವುದಿಲ್ಲ. ಚಿತ್ರದಲ್ಲಿದ್ದವಳು ಯಾರೆಂದು ಕಡೆಯಲ್ಲಿ ತಿಳಿಯುತ್ತದೆ: ಅವಳು ಸೇಂಟ್ ಓಬೆರನ ತಂಗಿ, ದುರ್ಮರಣಕ್ಕೀಡಾದವಳು. ತಂದೆ ನಿರ್ದೋಷಿ. ಆದರೆ ಆ ಹಾಳೆಯಲ್ಲಿದ್ದ ಅಕ್ಷರಗಳು ಉರಿಯಲ್ಲಿ ಹೋದವು. ಓದುಗನಿಗೆ ಅವು ಇಂದಿಗೂ ಸಿಕ್ಕಿಲ್ಲ. ಇದು ಮರೆವೋ ಉದ್ದೇಶವೋ ನಾನು ಹೇಳಲಾರೆ. ಮರೆವೇ ಆಗಿದ್ದರೂ ಅದು ಪುಣ್ಯದ ಮರೆವು.

ಕೋಟೆಯ ಭೂತಗಳಿಗೆ ಎಮಿಲಿ ಹೆದರುತ್ತಾಳೆ, ಬೆಳಗಾದರೆ ಆ ಹೆದರಿಕೆ ಹೋಗುತ್ತದೆ. ಈ ಹೆದರಿಕೆಗೆ ಬೆಳಗೇ ಇಲ್ಲ. ತಾನು ದೇವರಂತೆ ನಂಬಿದ ತಂದೆಯ ಬಾಳಿನಲ್ಲಿ ತನಗೆ ತಿಳಿಯದ ಒಂದು ಕೋಣೆಯಿದೆ. ತಾನು ಅವನ ಮಗಳೇ, ಅಥವಾ ಬೇರೆ ಯಾರ ಮಗಳೋ? ಈ ಕೊನೆಯ ಪ್ರಶ್ನೆಯನ್ನು, ಕಥೆಯ ಉತ್ತರಾರ್ಧದಲ್ಲಿ ಅವಳ ಮುಖ ಸತ್ತ ಮಾರ್ಕಿಯೋನೆಸ್ಸಳ ಮುಖವನ್ನು ಹೋಲುತ್ತದೆಂದು ಜನ ಆಡಿಕೊಂಡಾಗ, ಅವಳು ತನಗೆ ತಾನೇ ಕೇಳಿಕೊಳ್ಳಬೇಕಾಗುತ್ತದೆ. ಅವಳು ಯಾರಿಗೂ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ತಂದೆಯ ಹೆಸರಿಗೆ ಕಳಂಕ. ಸತ್ತವನನ್ನು ಕೇಳುವಂತೆಯೂ ಇಲ್ಲ. ಮತ್ತೆ ವಿಚಿತ್ರವೆಂದರೆ ಈ ಸಂಶಯದಿಂದ ಅವಳ ಪ್ರೀತಿ ಕುಂದುವುದಿಲ್ಲ. ಎರಡೂ ಒಂದೇ ಎದೆಯಲ್ಲಿ ಅಕ್ಕಪಕ್ಕದಲ್ಲಿ ವಾಸಮಾಡುತ್ತವೆ. ಮನುಷ್ಯ ಹೃದಯದ ಬಗ್ಗೆ ಈ ಲೇಖಕಿಗೆ ತಿಳಿದಿದ್ದುದು ಇದು. ಮೊದಲ ಸಲ ಓದಿದಾಗ ನನಗೆ ಇಪ್ಪತ್ತು ವರ್ಷ, ನನಗೆ ತಿಳಿದಿರಲಿಲ್ಲ.

ಇಲ್ಲಿ ಸ್ವಂತದ ಒಂದು ಮಾತನ್ನು ಓದುಗರು ಕ್ಷಮಿಸಬೇಕು. ನಮ್ಮ ತಂದೆಯವರು ತೀರಿಕೊಂಡು ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅವರ ಟ್ರಂಕನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ತಳದಲ್ಲಿ ದಾರ ಕಟ್ಟಿದ ಒಂದು ಕಟ್ಟು ಕಾಗದವಿತ್ತು. ಅಮ್ಮ ಅದನ್ನು ನೋಡಿ, ‘ಅದನ್ನೇನು ಬಿಚ್ಚಬೇಡ, ಬಚ್ಚಲೊಲೆಗೆ ಹಾಕು’ ಎಂದರು. ಅಷ್ಟೇ ಅಂದರು, ಒಳಕ್ಕೆ ಹೋದರು. ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಆ ಕಟ್ಟನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದೆನೋ. ದಾರ ಬಿಚ್ಚಿದೆನೋ ಇಲ್ಲವೋ ಎಂಬುದು ಈ ಲೇಖನಕ್ಕೆ ಸಂಬಂಧಿಸಿದ್ದಲ್ಲ. ಆದರೆ ಉಡಾಲ್ಫೋವನ್ನು ಎರಡನೆಯ ಸಲ ಓದುವಾಗ ಆ ಅಧ್ಯಾಯದ ಹತ್ತಿರ ಪುಸ್ತಕವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬಂದೆನೆಂಬುದನ್ನು ಹೇಳಬೇಕು.

ಭಯದ ವಿಷಯದಲ್ಲಿ ಆಕೆಗೆ ತನ್ನದೇ ಆದ ಒಂದು ತತ್ತ್ವವಿತ್ತು. ಆಕೆಯ ಮರಣಾನಂತರ, 1826ರಲ್ಲಿ, ಪತ್ರಿಕೆಯೊಂದರಲ್ಲಿ ಬಂದ ಸಂವಾದರೂಪದ ಪ್ರಬಂಧದಲ್ಲಿ ಅದು ಸಿಗುತ್ತದೆ. ಇಬ್ಬರು ಪ್ರಯಾಣಿಕರು ಷೇಕ್ಸ್‌ಪಿಯರನ ಭೂತಪ್ರೇತಗಳ ವಿಷಯ ಮಾತಾಡುತ್ತ ಹೋಗುತ್ತಾರೆ. ಹ್ಯಾಮ್ಲೆಟ್ಟನ ತಂದೆಯ ಪ್ರೇತ ಬರುವ ಮೊದಲೇ ಆ ಚಳಿ, ಆ ಸರಿರಾತ್ರಿ, ಆ ಕಾವಲುಗಾರರ ಮಾತು ನಮ್ಮನ್ನು ಹೇಗೆ ಅಣಿಗೊಳಿಸುತ್ತವೆಂಬುದನ್ನು ಚರ್ಚಿಸುತ್ತಾರೆ. ಭಯದಲ್ಲಿ ಎರಡು ಬಗೆ ಎಂಬುದು ಆಕೆಯ ಮತ. ಒಂದು, ಅಸ್ಪಷ್ಟವಾದುದರಿಂದ ಹುಟ್ಟಿ ಮನಸ್ಸಿನ ಶಕ್ತಿಗಳನ್ನೆಲ್ಲ ಎಚ್ಚರಿಸಿ ಆತ್ಮವನ್ನು ಹಿಗ್ಗಿಸುವಂಥದು. ಇನ್ನೊಂದು, ಕಣ್ಣಿಗೆ ಪೂರ್ತಿ ಕಂಡು ಅವನ್ನು ಕುಗ್ಗಿಸಿ ಮರಗಟ್ಟಿಸುವಂಥದು. ನಮ್ಮವರು ಭಯಾನಕ, ಬೀಭತ್ಸ ಎಂದು ಎರಡು ರಸಗಳನ್ನು ಹೇಳಿದ್ದಾರಷ್ಟೆ. ಆಕೆಯ ವಿಭಾಗ ಇದಕ್ಕೆ ಸರಿಸಮವೆಂದು ನಾನು ವಾದಿಸುವುದಿಲ್ಲ. ಜುಗುಪ್ಸೆಯ ಮಾತು ಆಕೆಯಲ್ಲಿ ಮುಖ್ಯವಲ್ಲ. ಆದರೂ ನಮ್ಮ ಓದುಗರಿಗೆ ಆ ದಾರಿಯಿಂದ ಹೋದರೆ ಬೇಗ ಅರ್ಥವಾದೀತು. ಉಡಾಲ್ಫೋವನ್ನು ಓದಿ ಹುರುಪುಗೊಂಡ ಮ್ಯಾಥ್ಯೂ ಲೂಯಿಸ್ ಎಂಬ ತರುಣ ಹತ್ತೊಂಬತ್ತರ ವಯಸ್ಸಿನಲ್ಲಿ ‘ದಿ ಮಂಕ್’ ಎಂಬ ಕಾದಂಬರಿ ಬರೆದ. 1796ರಲ್ಲಿ ಅದು ಹೊರಬಂತು. ಕೊಳೆತ ಹೆಣಗಳನ್ನೂ ಪಿಶಾಚಿಗಳನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸಿಬಿಡುವುದು ಅವನ ಮಾರ್ಗ. ಅದನ್ನು ಓದಿದ ಮೇಲೆ ರ‍್ಯಾಡ್‌ಕ್ಲಿಫ್ ಬರೆದದ್ದು ‘ದಿ ಇಟಾಲಿಯನ್’. ಅಲ್ಲಿಯೂ ಖಳನಾಯಕ ಸನ್ಯಾಸಿಯೇ, ಆದರೆ ಪಿಶಾಚಿಯಿಲ್ಲ. ಅವನ ಎದೆಯೊಳಗೆ ಇರುವುದೇ ಸಾಕೆಂದು ಆಕೆ ತಿಳಿದಿದ್ದಳು.

ಅದಕ್ಕೆ ಹೋಗುವ ಮೊದಲು ಮೊಂಟೋನಿಯ ವಿಷಯ ಒಂದು ಮಾತು. ಈ ಕೋಟೆಯೊಡೆಯನಿಗೆ ಬೇಕಾದುದೇನು? ರಕ್ತವಲ್ಲ, ಪ್ರೇಮವೂ ಅಲ್ಲ, ರುಜು. ಹೆಂಡತಿಯ ಹೆಸರಿನಲ್ಲಿ ಫ್ರಾನ್ಸಿನಲ್ಲಿ ಆಸ್ತಿಯಿದೆ. ಅದು ಅವಳ ಸ್ವಂತಕ್ಕೆ ಬರೆದಿಟ್ಟದ್ದು. ಅವಳು ಸಹಿ ಹಾಕದೆ ಅವನಿಗೆ ಸೇರುವುದಿಲ್ಲ. ಅವಳು ಒಪ್ಪದಿದ್ದಾಗ ಗೋಪುರದಲ್ಲಿ ಕೂಡಿಹಾಕುತ್ತಾನೆ; ಅವಳು ಜ್ವರದಿಂದ ಸಾಯುತ್ತಾಳೆ. ಆಮೇಲೆ ಅದೇ ಕಾಗದವನ್ನು ಎಮಿಲಿಯ ಮುಂದೆ ಚಾಚುತ್ತಾನೆ. ಇಪ್ಪತ್ತು ಪುಟಕ್ಕೊಮ್ಮೆ ಮೂರ್ಛೆಹೋಗುವ ಈ ಹುಡುಗಿ ಆಗ ನೆಟ್ಟಗೆ ನಿಂತು ‘ಆಗುವುದಿಲ್ಲ’ ಎನ್ನುತ್ತಾಳೆ. ಮುಂದೆ, ಬಿಡುಗಡೆಯ ಆಸೆಯಿಂದ ರುಜು ಹಾಕಿದಾಗ, ಅವನು ಕೊಟ್ಟ ಮಾತಿಗೆ ತಪ್ಪುತ್ತಾನೆ. ಕಥೆ ಹದಿನಾರನೆಯ ಶತಮಾನದ್ದಾದರೂ ಇದನ್ನು ಓದುತ್ತಿದ್ದ 1794ರ ಇಂಗ್ಲಿಷ್ ಹೆಂಗಸರಿಗೆ ಈ ಭಯ ಇಟಲಿಯದಾಗಿ ತೋರಿರಲಾರದು. ವಿವಾಹಿತ ಸ್ತ್ರೀಯ ಸ್ವತ್ತಿನ ಮೇಲೆ ಅವಳಿಗೇ ಹಕ್ಕು ಕೊಡುವ ಪೂರ್ಣ ಕಾಯಿದೆ ಅಲ್ಲಿ ಬಂದದ್ದು 1882ರಲ್ಲಿ. ನಕ್ಕ ಆಸ್ಟಿನ್ನಳೂ ಇದನ್ನು ಬಲ್ಲಳು. ಕ್ಯಾಥರೀನ್ ಜನರಲ್ ಟಿಲ್ನಿಯನ್ನು ಹೆಂಡತಿಯನ್ನು ಕೊಂದವನೆಂದು ಶಂಕಿಸಿ ನಗೆಪಾಟಲಾಗುತ್ತಾಳೆ, ನಿಜ. ಆದರೆ ಅದೇ ಜನರಲ್, ಹುಡುಗಿಯ ಹತ್ತಿರ ಹಣವಿಲ್ಲವೆಂದು ತಿಳಿದೊಡನೆ, ಜೊತೆಗೆ ಒಬ್ಬ ಆಳನ್ನೂ ಕೊಡದೆ, ಬೆಳಗಾಗುತ್ತಲೇ ಅವಳನ್ನು ಮನೆಯಿಂದ ಅಟ್ಟಿಬಿಡುತ್ತಾನೆ. ಭೂತವನ್ನು ಓಡಿಸಿದ ಆಸ್ಟಿನ್ ಮೊಂಟೋನಿಯನ್ನು ಮನೆಯಲ್ಲಿಯೇ ಉಳಿಸಿಕೊಂಡಳು.

ಎಮಿಲಿಯ ಕಣ್ಣೀರಿನ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಮರಣಶಯ್ಯೆಯಲ್ಲಿ ತಂದೆ ಅವಳಿಗೆ ಹೇಳುವ ದೊಡ್ಡ ಬುದ್ಧಿವಾದ ಭಾವುಕತೆಯ ವಿರುದ್ಧವಾಗಿದೆ. ಮೃದುಹೃದಯವೆಂದು ಹೆಮ್ಮೆಪಡಬೇಡ, ಮರುಗಿ ಕುಳಿತುಕೊಳ್ಳುವವರಿಂದ ಯಾರಿಗೂ ಉಪಕಾರವಿಲ್ಲ, ಒಂದು ಒಳ್ಳೆಯ ಕೆಲಸ ಮಾಡಿದರೆ ಅದರ ಬೆಲೆ ಲೋಕದ ಕಣ್ಣೀರಿಗಿಂತ ಹೆಚ್ಚು ಎಂಬುದು ಅದರ ತಾತ್ಪರ್ಯ. ಹೀಗೆ ಹೇಳಿದ ತಂದೆಯೇ ರಾತ್ರಿ ಒಬ್ಬನೇ ಕುಳಿತು ಚಿತ್ರವನ್ನು ಎದೆಗೊತ್ತಿಕೊಂಡು ಅತ್ತವನು! ಲೇಖಕಿ ಈ ಎರಡು ಪ್ರಸಂಗಗಳನ್ನು ಒಂದರ ಹತ್ತಿರ ಒಂದಿಟ್ಟು ಏನೂ ವ್ಯಾಖ್ಯಾನ ಮಾಡದೆ ಮುಂದೆ ಹೋಗುತ್ತಾಳೆ. ಉಪದೇಶ ಮಾಡುವವನ ಹೃದಯ ಉಪದೇಶವನ್ನು ಕೇಳುವುದಿಲ್ಲವೆಂದು ಆಕೆಗೆ ಗೊತ್ತಿತ್ತೆಂದೇ ನನ್ನ ನಂಬಿಕೆ.

‘ದಿ ಇಟಾಲಿಯನ್’ (1797) ಆಕೆಯ ಶ್ರೇಷ್ಠ ಕೃತಿ. ನೇಪಲ್ಸಿನ ಶ್ರೀಮಂತ ಮನೆತನದ ವಿವಾಲ್ಡಿ, ಎಲೆನಾ ಎಂಬ ಬಡ ಹುಡುಗಿಯನ್ನು ಮೆಚ್ಚುತ್ತಾನೆ. ಅವನ ತಾಯಿ ಮಾರ್ಕೆಸಾಳಿಗೆ ಇದು ಸಹಿಸದು. ಅವಳ ಪಾಪನಿವೇದನೆಯನ್ನು ಕೇಳುವ ಗುರು ಸ್ಕೆಡೋನಿ ಎಂಬ ಸನ್ಯಾಸಿ. ಬಿಳುಚಿದ ಮುಖ, ಎದುರಿನವರ ಹೃದಯವನ್ನು ತೂರಿಹೋಗುವಂಥ ಕಣ್ಣು. ಬೈರನ್ನನ ನಾಯಕರೆಲ್ಲ ಇವನ ಮಕ್ಕಳು ಎಂದು ಹೇಳುವುದುಂಟು.

ಒಂದು ಸಂಜೆ ಇವರಿಬ್ಬರೂ ಚರ್ಚಿನಲ್ಲಿ ಸೇರುತ್ತಾರೆ. ಎಲೆನಾಳನ್ನು ಕೊಲ್ಲಿಸಬೇಕೆಂಬುದು ಇಬ್ಬರ ಮನಸ್ಸಿನಲ್ಲಿಯೂ ಇದೆ. ಆದರೆ ‘ಕೊಲೆ’ ಎಂಬ ಶಬ್ದವನ್ನು ಆಡುವವರು ಯಾರು? ಸನ್ಯಾಸಿ ನ್ಯಾಯದ ಮಾತೆತ್ತುತ್ತಾನೆ. ಕಾಯಿದೆ ಇಂಥ ಅಪರಾಧವನ್ನು ಶಿಕ್ಷಿಸದಿರುವುದು ಎಂಥ ಅನ್ಯಾಯವೆಂದು ನೊಂದುಕೊಳ್ಳುತ್ತಾನೆ. ಅವಳು ಒಂದು ಹೆಜ್ಜೆ ಮುಂದಿಡುತ್ತಾಳೆ. ಅವನು ಅವಳ ಬಾಯಿಂದಲೇ ಮುಂದಿನದು ಬರಲೆಂದು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಪಾಪವನ್ನು ಇಬ್ಬರೂ ಹೊತ್ತುಕೊಳ್ಳದೆ ಇಬ್ಬರ ನಡುವೆ ನೆಲದ ಮೇಲೆ ಇಟ್ಟು ಮಾತಾಡುವ ಈ ಪ್ರಕರಣವನ್ನು ಓದುವಾಗ ನನಗೆ ಯಾವ ಕೋಟೆಯಲ್ಲೂ ಆಗದ ಹೆದರಿಕೆಯಾಯಿತು. ಇಂಥ ಸಂಭಾಷಣೆಗಳನ್ನು ನಾವು ಮರ್ಯಾದಸ್ಥರ ಮನೆಗಳಲ್ಲಿಯೇ ಕೇಳಿರುತ್ತೇವೆ. ವಿಷಯ ಕೊಲೆಯಾಗಿರುವುದಿಲ್ಲ, ಅಷ್ಟೆ. ಮಾತು ಅಲ್ಲಿಗೆ ಬಂದಾಗ ಆರ್ಗನ್ನಿನ ನಾದ ಕೇಳಿಸುತ್ತದೆ. ಸತ್ತವರೊಬ್ಬರಿಗಾಗಿ ಒಳಗೆ ಪ್ರಾರ್ಥನೆ ಹಾಡುತ್ತಿದ್ದಾರೆ. ಮಾರ್ಕೆಸಾಳ ಮನಸ್ಸು ಕರಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಇನ್ನೊಂದು ದಿನ ಮಾತಾಡೋಣವೆನ್ನುತ್ತಾಳೆ. ಹೆಂಗಸು ತನ್ನ ಇಂದ್ರಿಯಗಳಿಗೆ ದಾಸಿಯೆಂದು ಸ್ಕೆಡೋನಿ ಮನಸ್ಸಿನಲ್ಲೇ ಹೀಯಾಳಿಸುತ್ತಾನೆ.

ಹೀಗೆ ಹೀಯಾಳಿಸಿದವನ ಗತಿಯೇನಾಯಿತು? ಸಮುದ್ರತೀರದ ಪಾಳುಮನೆಯಲ್ಲಿ ಎಲೆನಾಳನ್ನು ತಂದಿರಿಸಿದೆ. ಸ್ಪಲಾಟ್ರೊ ಎಂಬ ಬಾಡಿಗೆ ಕೊಲೆಗಾರನಿದ್ದಾನೆ. ಆದರೆ ಹಿಂದೆ ಸ್ಕೆಡೋನಿಗಾಗಿ ಕೊಲೆ ಮಾಡಿದ ಈ ಒರಟ ಈ ಸಲ ಒಲ್ಲೆನೆನ್ನುತ್ತಾನೆ. ಸತ್ತವನ ರಕ್ತಮಯವಾದ ಕೈ ತನ್ನನ್ನು ಕರೆಯುತ್ತದೆಂದು ನಡುಗುತ್ತಾನೆ. ವಿದ್ಯಾವಂತನಾದ ಸನ್ಯಾಸಿ ಅವನನ್ನು ಹೇಡಿಯೆಂದು ಬೈದು ಕಠಾರಿಯನ್ನು ತಾನೇ ತೆಗೆದುಕೊಂಡು ಮೇಲಕ್ಕೆ ಹೋಗುತ್ತಾನೆ. ಹುಡುಗಿ ಮಲಗಿದ್ದಾಳೆ, ನಿದ್ರೆಯಲ್ಲಿ ನಗುತ್ತಿದ್ದಾಳೆ. ಕೈಯೆತ್ತುತ್ತಾನೆ, ನಡುಕ ಬರುತ್ತದೆ. ಎದೆಯ ಮೇಲಿನ ಬಟ್ಟೆಯನ್ನು ಸರಿಸುತ್ತಾನೆ. ಅಲ್ಲಿ ಒಂದು ಚಿಕ್ಕ ಚಿತ್ರ ತೂಗುತ್ತಿದೆ. ತನ್ನದೇ ಯೌವನದ ಮುಖ. ಇದು ಯಾರದೆಂದು ಅವಳನ್ನು ಎಬ್ಬಿಸಿ ಕೇಳುತ್ತಾನೆ. ನನ್ನ ತಂದೆಯದು, ಎನ್ನುತ್ತಾಳೆ.

ಉಡಾಲ್ಫೋದಲ್ಲಿ ಮಗಳು ಗಾಜಿನ ಹಿಂದೆ ನಿಂತು ತಂದೆಯ ಕೈಯ ಚಿತ್ರವನ್ನು ನೋಡಿದಳು. ಇಲ್ಲಿ ತಂದೆ, ಅಥವಾ ತಾನು ತಂದೆಯೆಂದು ತಿಳಿದವನು, ಕಠಾರಿ ಹಿಡಿದು ಮಗಳ ಎದೆಯ ಚಿತ್ರವನ್ನು ನೋಡುತ್ತಾನೆ. (ಎಲೆನಾ ಅವನ ಮಗಳಲ್ಲ, ಅವನೇ ಕೊಲ್ಲಿಸಿದ ಅಣ್ಣನ ಮಗಳು ಎಂಬುದು ಮುಂದೆ ಹೊರಬೀಳುತ್ತದೆ, ಲೇಖಕಿಯ ಲೆಕ್ಕ ಒಪ್ಪಿಸುವ ಚಾಳಿ ಇಲ್ಲಿಯೂ ಬಿಟ್ಟಿಲ್ಲ.) ನಾಟಕದ ಕವಿಯಾಗಿದ್ದರೆ ಇಲ್ಲಿ ಪಾಪಿಯ ಹೃದಯಪರಿವರ್ತನೆ ಮಾಡಿ ಕೈತೊಳೆದುಕೊಳ್ಳುತ್ತಿದ್ದ. ರ‍್ಯಾಡ್‌ಕ್ಲಿಫ್ ಅಷ್ಟಕ್ಕೆ ಬಿಡುವುದಿಲ್ಲ. ಸ್ಕೆಡೋನಿ ಅಳುತ್ತಾನೆ, ಆ ಅಳು ನಿಜ. ಆದರೆ ಸ್ವಲ್ಪ ಹೊತ್ತಿಗೆಲ್ಲ ಅವನಿಗೆ ಇನ್ನೊಂದು ಹೊಳೆಯುತ್ತದೆ: ತಾನು ಇಷ್ಟು ದಿನ ತಪ್ಪಿಸಲು ಹೆಣಗಿದ್ದು ತನ್ನ ಮಗಳಿಗೇ ಒದಗಿದ್ದ ದೊಡ್ಡ ಮನೆತನದ ಸಂಬಂಧವನ್ನು! ವಿವಾಲ್ಡಿಯೊಡನೆ ಮದುವೆಯಾದರೆ ತನ್ನ ವಂಶವೂ ಮೇಲೇರುತ್ತದೆ. ವಾತ್ಸಲ್ಯವೂ ಮಹತ್ತ್ವಾಕಾಂಕ್ಷೆಯೂ ಎಲ್ಲಿ ಕೂಡಿಕೊಂಡವೆಂದು ಅವನಿಗೇ ತಿಳಿಯದು, ನಮಗೂ ತಿಳಿಯದು. ಹುಡುಗಿಗೋ, ರಾತ್ರಿ ತನ್ನ ಹಾಸಿಗೆಯ ಬಳಿ ಈತ ಏಕೆ ಬಂದಿದ್ದನೆಂಬುದು ಸ್ಪಷ್ಟವಾಗಿಲ್ಲ. ನೆಲದ ಮೇಲೆ ಕಠಾರಿ ಸಿಕ್ಕಿದಾಗ, ಕೊಲ್ಲಬಂದವನಿಂದ ಈತ ತನ್ನನ್ನು ರಕ್ಷಿಸಿದನೆಂದು ತಿಳಿದು ಕೃತಜ್ಞತೆ ತೋರಿಸುತ್ತಾಳೆ. ಆ ಕೃತಜ್ಞತೆಯನ್ನು ಸ್ಕೆಡೋನಿ ಸಹಿಸಲಾರ. ಇಡೀ ಗ್ರಂಥದಲ್ಲಿ ಅವನಿಗೆ ದೊರೆತ ಅತ್ಯಂತ ಕ್ರೂರವಾದ ಶಿಕ್ಷೆ ಇದೇ ಎಂದು ನನಗೆ ತೋರಿತು. ಮುಂದೆ ಇನ್‌ಕ್ವಿಸಿಷನ್ನಿನ ಸೆರೆಮನೆ, ವಿಚಾರಣೆ, ವಿಷ ಎಲ್ಲ ಬರುತ್ತವೆ. ಇದರ ಮುಂದೆ ಅವು ಸಪ್ಪೆ.

‘ದಿ ಇಟಾಲಿಯನ್’ ಆದ ಮೇಲೆ ಆಕೆ ಇನ್ನಾವ ಕಾದಂಬರಿಯನ್ನೂ ಅಚ್ಚಿಗೆ ಕೊಡಲಿಲ್ಲ. ವಯಸ್ಸು ಮೂವತ್ತಮೂರು ತುಂಬಿರಲಿಲ್ಲ. ಮುಂದಿನ ಇಪ್ಪತ್ತಾರು ವರ್ಷ ಮೌನ. ತನ್ನ ಭೂತಗಳಿಗೆ ತಾನೇ ಹೆದರಿ ಹುಚ್ಚು ಹಿಡಿದಿದೆಯೆಂದು ಜನ ಆಡಿಕೊಂಡರು, ಸತ್ತೇಹೋದಳೆಂದೂ ಬರೆದರು. ಆಕೆ ಪ್ರತಿಭಟಿಸಲೂ ಇಲ್ಲ. ತಂದೆತಾಯಿಯರು ತೀರಿಕೊಂಡು ಬಂದ ಆಸ್ತಿಯಿಂದ ಜೀವನಕ್ಕೆ ತೊಂದರೆಯಿರಲಿಲ್ಲ. ಗಂಡನೊಡನೆ ಇಂಗ್ಲೆಂಡಿನ ದಕ್ಷಿಣ ಭಾಗಗಳಲ್ಲಿ ಸುತ್ತಾಡುತ್ತ, ಕಂಡದ್ದನ್ನು ದಿನಚರಿಯಲ್ಲಿ ಬರೆದಿಡುತ್ತ, ಉಬ್ಬಸದಿಂದ ನರಳುತ್ತ ಬದುಕಿದ್ದು 1823ರ ಫೆಬ್ರವರಿ 7ರಂದು ಲಂಡನ್ನಿನಲ್ಲಿ ತೀರಿಕೊಂಡಳು.

ಪೆಟ್ಟಿಗೆಯಲ್ಲಿ ಒಂದು ಕಾದಂಬರಿಯ ಹಸ್ತಪ್ರತಿಯಿತ್ತು: ‘ಗ್ಯಾಸ್ಟನ್ ಡ ಬ್ಲಾಂಡ್‌ವಿಲ್’. ಮೂರನೆಯ ಹೆನ್ರಿಯ ಆಸ್ಥಾನದಲ್ಲಿ ನಡೆಯುವ ಆ ಕಥೆಯಲ್ಲಿ ಕೊಲೆಯಾದವನ ಪ್ರೇತವೊಂದು ಬರುತ್ತದೆ. ಅದು ಮೇಣದ್ದಲ್ಲ, ಕಳ್ಳರ ವೇಷವೂ ಅಲ್ಲ, ನಿಜವಾದ ಪ್ರೇತ. ಕೊನೆಯವರೆಗೂ ಅದಕ್ಕೆ ಯಾವ ಲೆಕ್ಕವನ್ನೂ ಒಪ್ಪಿಸಿಲ್ಲ. ಬರೆದು ಇಪ್ಪತ್ತು ವರ್ಷವಾದರೂ ಆಕೆ ಅದನ್ನು ಹೊರಗೆ ತೆಗೆದಿರಲಿಲ್ಲ. ಗಂಡ ಅದನ್ನು 1826ರಲ್ಲಿ ಅಚ್ಚುಹಾಕಿಸಿದ. ಕಾದಂಬರಿ ಸಾಧಾರಣವಾದದ್ದು.

ಅನೇಕ ವರ್ಷಗಳ ಮೇಲೆ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ ಈಕೆಯ ಜೀವನಚರಿತ್ರೆ ಬರೆಯಬೇಕೆಂದು ಹೊರಟಳು, ಕಾಗದಪತ್ರಗಳಿಗಾಗಿ ಹುಡುಕಿದಳು. ಬರೆಯುವಷ್ಟು ಏನೂ ಸಿಕ್ಕದೆ 1883ರಲ್ಲಿ ಆ ಕೆಲಸವನ್ನು ಬಿಟ್ಟುಕೊಟ್ಟಳು.